ನಾಲ್ಕು ಕೊಕ್ಕೆಯ ಚಿತ್ರ

ದಾವಣಗೆರೆಯ ಸರಸ್ವತಿ ನಗರದಲ್ಲಿ ಬೆಳಿಗ್ಗೆ ಹಾಲಿನವನ ಬೈಕು ಬರುವ ಹೊತ್ತಿಗೆ ಕೊಟ್ಟೂರೇಶನ ಸ್ನಾನ, ಲಿಂಗಪೂಜೆ ಎರಡೂ ಮುಗಿದಿರುತ್ತಿದ್ದವು. ಹಣೆಯ ವಿಭೂತಿ ಆರುವ ಮೊದಲೇ ಅವನು ಮನೆಯ ಸಣ್ಣ ಕೋಣೆಗೆ ಹೊಕ್ಕು ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಹೆಂಡತಿ ನಿರ್ಮಲಮ್ಮನ ದನಿ ಬರುತ್ತಿತ್ತು.

"ಇವತ್ತಿಂದು ಆತೇನ್ರಿ?"

ಹೊಟ್ಟೆ ಕಟ್ಟಿಕೊಂಡ ಮಗುವನ್ನು ತಾಯಿ ವಿಚಾರಿಸುವ ಧಾಟಿ ಅದು. "ಇನ್ನೂ ಇಲ್ಲ" ಎಂದು ಕೊಟ್ಟೂರೇಶನೂ ಆ ಮಗುವಿನಷ್ಟೇ ದೀನವಾಗಿ ಉತ್ತರ ಕೊಡುತ್ತಿದ್ದ.

ಅವನಿಗೆ ಐವತ್ತೆರಡು ವರ್ಷ. ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ವಿದ್ಯಾರ್ಥಿಗಳ ಬಾಯಲ್ಲಿ ಅವನು 'ಸಾರ್', ಪಾಠ ಹೇಳುವ ಮೇಷ್ಟ್ರುಗಳ ಬಾಯಲ್ಲಿ 'ಕೊಟ್ರೇಶ್, ಆ ಪ್ರಿಂಟರಿಗೆ ಏನಾಗೈತೆ ನೋಡು'. ಇದ್ದೊಬ್ಬ ಮಗಳು ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮೇಲೆ ಅವಳ ಕೋಣೆ ಖಾಲಿಯಾಯಿತು. ಆ ಖಾಲಿ ಕೋಣೆಗೆ, ಕಾಲೇಜಿನವರು ಬೇಡವೆಂದು ಬಿಸಾಡಿದ ಒಂದು ಹಳೇ ಕಂಪ್ಯೂಟರನ್ನು ಕೊಟ್ಟೂರೇಶ್ ಹೊತ್ತು ತಂದ. ಬೇರೆಯವರಾದರೆ ಅದರಲ್ಲಿ ಇಸ್ಪೀಟು ಆಡುತ್ತಿದ್ದರು. ಈ ಪುಣ್ಯಾತ್ಮ ದಿನಕ್ಕೊಂದು ಫ್ರ್ಯಾಕ್ಟಲ್ ಚಿತ್ರ ಮಾಡುವ ನೇಮ ಹಿಡಿದ.

ಫ್ರ್ಯಾಕ್ಟಲ್ ಎಂದರೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಗೇಣುದ್ದದ ಒಂದು ಲೆಕ್ಕ. ಬಂದ ಉತ್ತರವನ್ನು ತಿರುಗಿ ಅದೇ ಲೆಕ್ಕಕ್ಕೆ ಹಾಕಬೇಕು, ಆಮೇಲೆ ಬಂದದ್ದನ್ನು ಮತ್ತೆ ಹಾಕಬೇಕು. ಪರದೆಯ ಒಂದೊಂದು ಚುಕ್ಕಿಗೂ ಹೀಗೆ ನೂರಾರು ಸಲ. ಉತ್ತರ ಎಷ್ಟು ಬೇಗ ಕೈಮೀರಿ ಬೆಳೆಯುತ್ತದೆ ಎಂದು ನೋಡಿ ಆ ಚುಕ್ಕಿಗೊಂದು ಬಣ್ಣ. ಎಲ್ಲ ಮುಗಿದಾಗ ಪರದೆಯ ಮೇಲೆ ಒಂದು ಕಪ್ಪು ಗುಡ್ಡ ಎದ್ದಿರುತ್ತದೆ, ಗುಡ್ಡದ ಅಂಚಿಗೆ ಬಳ್ಳಿಗಳು, ಬಳ್ಳಿಯ ತುದಿಗೆ ಸುರುಳಿ, ಆ ಸುರುಳಿಯ ನಡುವೆ ಸಾಸಿವೆ ಕಾಳಿನಷ್ಟಾಗಿ ಮತ್ತೆ ಅದೇ ಕಪ್ಪು ಗುಡ್ಡ. ಅದನ್ನು ಹಿಗ್ಗಿಸಿದರೆ ಅದರ ಅಂಚಿಗೂ ಬಳ್ಳಿಗಳು. ಇದಕ್ಕೆ ಕೊನೆ ಎಂಬುದಿಲ್ಲ. ಮೊದಲ ಸಲ ನೋಡಿದ ದಿನ ಕೊಟ್ಟೂರೇಶನಿಗೆ ಮೈ ಜುಮ್ಮೆಂದಿತ್ತು. ಆ ಜುಮ್ಮೆನ್ನುವಿಕೆಯನ್ನು ನಂಬಿಕೊಂಡೇ ಅವನು ಕೆಟ್ಟದ್ದು.

ಏಕೆಂದರೆ ಇದರ ಸಂಕಟ ಮಾಡಿದವನಿಗೇ ಗೊತ್ತು. ಇಲ್ಲಿ ಚಿತ್ರ ಬರೆಯುವುದಿಲ್ಲ, ಹುಡುಕಬೇಕು. ಮುಂಜಾನೆಯೆಲ್ಲ ಆ ಅಂಚಿನಲ್ಲಿ ಅಲೆದು, ಇಲ್ಲೊಂದು ಕಡೆ ಚೆಂದ ಇದೆ ಅನ್ನಿಸಿ, ಇನ್ನೊಂದು ಚೂರು ಒಳಗೆ ಹೋಗೋಣ ಎಂಬ ಆಸೆಗೆ ಬಿದ್ದರೆ ಮುಗಿಯಿತು, ಎಲ್ಲ ಕಲಸಿದ ಮಂಡಕ್ಕಿ. ವಾಪಸು ಬರೋಣವೆಂದರೆ ಬಂದ ದಾರಿಯ ಅಂಕಿಗಳನ್ನು ಬರೆದಿಟ್ಟುಕೊಂಡಿರುವುದಿಲ್ಲ. ಅವನ ಜನ್ಮದ ಅತ್ಯುತ್ತಮ ಚಿತ್ರ ಹೀಗೆಯೇ ಕಳೆದುಹೋಗಿತ್ತು. ಅದು ಎಷ್ಟು ಚೆನ್ನಾಗಿತ್ತೆಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದ, ಹೇಳಿದಷ್ಟೂ ಅದು ಇನ್ನಷ್ಟು ಚೆನ್ನಾಗುತ್ತ ಬಂದಿತ್ತು. ಆರುನೂರ ನಲವತ್ತನೆಯ ಚಿತ್ರವನ್ನು ಹೊಸ ಆವಿಷ್ಕಾರವೆಂದು ಮೀಸೆ ತಿರುವಿ ಫೋನಿನ ಸ್ಟೇಟಸ್ಸಿಗೆ ಹಾಕಿದ ಮೇಲೆ ಗೊತ್ತಾಯಿತು, ಅದು ಇನ್ನೂರ ಹನ್ನೆರಡನೆಯದೇ, ಬಣ್ಣ ಮಾತ್ರ ಬೇರೆ. ಯಾರಿಗೂ ಅದು ತಿಳಿಯಲಿಲ್ಲ. ತಿಳಿದು ನಕ್ಕಿದ್ದರೂ ಅವನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಇನ್ನು ಮಿಕ್ಸಿಯದು ಬೇರೆಯದೇ ಕಥೆ. ಒಂದು ಚಿತ್ರ ಪೂರ್ತಿಯಾಗಲು ಆ ಮುದಿ ಯಂತ್ರಕ್ಕೆ ಒಂದೊಂದು ಸಲ ಎರಡು ಗಂಟೆ ಬೇಕು. ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಚಿತ್ರ ತೊಂಬತ್ತು ಭಾಗ ಆಗಿರುವಾಗಲೇ ನಿರ್ಮಲಮ್ಮ ಚಟ್ನಿಗೆ ಮಿಕ್ಸಿ ತಿರುಗಿಸುತ್ತಿದ್ದಳು. ದೀಪ ಒಂದು ಸಲ ಕಣ್ಣು ಮಿಟುಕಿಸುತ್ತಿತ್ತು, ಪರದೆ ಕಪ್ಪಾಗುತ್ತಿತ್ತು.

"ನಿರ್ಮಲಾ, ಒಂದು ಮಾತು ಕೇಳ್ಬಾರ್ದೇನೆ ಮಿಕ್ಸಿ ಹಾಕೋ ಮುಂದೆ?"

"ಚಟ್ನಿಗೆ ನಿಮ್ಮ ಅಪ್ಪಣೆ ಬೇಕೇನ್ರಿ?"

ಅವಳದೂ ತಪ್ಪೆನ್ನುವ ಹಾಗಿರಲಿಲ್ಲ. ಅವಳು ಬೀದಿಯ ಹೆಂಗಸರಿಗೆ ಬ್ಲೌಸ್ ಹೊಲಿದುಕೊಡುತ್ತಿದ್ದಳು. ಹೊಲಿಗೆ ಯಂತ್ರ ನಡುಮನೆಯಲ್ಲಿ ಟೀವಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತ್ತು. ಅಳತೆ ಕೊಡಲು ಬಂದವರನ್ನು ಅಡುಗೆಮನೆಗೆ ಕರೆದೊಯ್ದು ಒಲೆಯ ಪಕ್ಕ ನಿಲ್ಲಿಸಬೇಕಾಗಿತ್ತು. ಮಗಳ ಕೋಣೆ ಬಿಟ್ಟುಕೊಟ್ಟರೆ ತನ್ನ ಕೆಲಸಕ್ಕೊಂದು ಜಾಗವಾಗುತ್ತದೆ ಎಂದು ಅವಳು ಕಾದಿದ್ದಳು. ಅಲ್ಲಿ ಗಂಡ ಕೂತು ಕಪ್ಪು ಗುಡ್ಡ ಹಿಗ್ಗಿಸುತ್ತಿದ್ದ.

ನೋಡುವವರಾದರೂ ಇದ್ದರೋ ಎಂದರೆ, ಅದೂ ಇಲ್ಲ. ನಂಬರು ಬರೆದು ಸ್ಟೇಟಸ್ಸಿಗೆ ಹಾಕಿದ ಚಿತ್ರವನ್ನು ಮೊದಮೊದಲು ನಲವತ್ತು ಜನ ನೋಡುತ್ತಿದ್ದರು, ಈಗ ಆರಕ್ಕೆ ಇಳಿದಿತ್ತು. ಹಾಲಿನವನು, ಕಾಲೇಜಿನ ವಾಚ್‌ಮನ್, ಮಗಳು, ಅಳಿಯ, ಗುರುತು ಸಿಗದ ಯಾರೋ ಒಬ್ಬರು, ಆರನೆಯವಳು ನಿರ್ಮಲಮ್ಮ. ಅವಳು ಎಲ್ಲರ ಸ್ಟೇಟಸ್ಸನ್ನೂ ಅವರೇಕಾಯಿ ಬಿಡಿಸಿದ ಹಾಗೆ ಹೆಬ್ಬೆರಳಲ್ಲಿ ಸರಸರನೆ ಸರಿಸುವವಳಾದ್ದರಿಂದ ಅವನು ಅವಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬಂಧುಬಳಗದ ಗುಂಪಿಗೆ ಕಳಿಸಿದ ಚಿತ್ರಕ್ಕೆ ಒಬ್ಬ ಚಿಕ್ಕಮ್ಮ ಕೈ ಮುಗಿದು "ಯಾವ ದೇವ್ರಪ್ಪ ಇದು?" ಎಂದು ಕೇಳಿದ್ದಳು.

ವಿವರಿಸಲು ಹೋಗಿ ಮಾಡಿಕೊಂಡ ಎಡವಟ್ಟು ಇನ್ನೂ ದೊಡ್ಡದು. ನಿರ್ಮಲಮ್ಮನ ಅಣ್ಣ ಪರಮೇಶ್ವರಪ್ಪ ಮಲೆಬೆನ್ನೂರಿನಲ್ಲಿ ಅಕ್ಕಿ ಗಿರಣಿ ಇಟ್ಟವರು, ಮಾತು ಕಡಿಮೆ, ತೂಕ ಜಾಸ್ತಿ. ಅವರೊಮ್ಮೆ ಊಟಕ್ಕೆ ಕೂತಾಗ "ಏನೋ ಮಾಡ್ತೀರಂತಲ್ರಿ ದಿನಾ, ಏನದು?" ಎಂದು ಕೇಳಿಬಿಟ್ಟರು. ಕೇಳಿದರಲ್ಲ ಎಂಬ ಸಂತೋಷಕ್ಕೆ ಕೊಟ್ಟೂರೇಶ್ ಪಲ್ಯದ ಪಾತ್ರೆಯಿಂದ ಒಂದು ಹೂಕೋಸಿನ ತುಂಡು ಎತ್ತಿ ಹಿಡಿದು, "ಭಾವ, ನೋಡ್ರಿ, ಇಡೀ ಹೂಕೋಸು ಹೆಂಗೈತೋ ಈ ತುಂಡೂ ಹಂಗೇ ಐತೆ. ಇದನ್ನ ಮುರಿದ್ರೆ ಆ ಚೂರೂ ಹಂಗೇ ಇರ್ತೈತೆ" ಎಂದು ಅರ್ಧ ಗಂಟೆ ಉಪದೇಶ ಮಾಡಿದ. ಪರಮೇಶ್ವರಪ್ಪ ಗಂಭೀರವಾಗಿ ಕೇಳಿಸಿಕೊಂಡರು. ಅಂದಿನಿಂದ ಹರಿಹರ ತಾಲ್ಲೂಕಿನ ನೆಂಟರಿಷ್ಟರಲ್ಲಿ ಕೊಟ್ಟೂರೇಶ್ ಎಂದರೆ ಕಂಪ್ಯೂಟರಿನಲ್ಲಿ ಹೂಕೋಸು ಬರೆಯುವವನು ಎಂದಾಯಿತು.

ಇದನ್ನೆಲ್ಲ ಅವನು ನಗುತ್ತ ಸಹಿಸಿಕೊಂಡ. ಸಹಿಸಲಾಗದ್ದು ಒಂದೇ ಒಂದು ಮಾತು. ಕಾಲೇಜಿನ ಗಣಿತದ ಮೇಷ್ಟ್ರು ಒಂದು ದಿನ ಅವನ ಫೋನು ಇಸಿದುಕೊಂಡು ಹತ್ತು ಚಿತ್ರ ನೋಡಿ, ವಾಪಸು ಕೊಡುತ್ತ ಹೇಳಿದರು: "ಚೆನ್ನಾಗೈತೆ. ಆದ್ರೆ ಇದ್ರಾಗೆ ನಿಂದೇನೈತೆ ಕೊಟ್ರೇಶ್? ಲೆಕ್ಕ ಯಾರದೋ, ಮಾಡಿದ್ದು ಮಿಷಿನ್ನು." ಅವತ್ತು ಪ್ರಿಂಟರು ರಿಪೇರಿ ಮಾಡುವಾಗಲೂ, ಸಂಜೆ ಮನೆಗೆ ನಡೆದು ಬರುವಾಗಲೂ ಆ ಮಾತು ಕಿವಿ ಬಿಡಲಿಲ್ಲ. ಮನೆಗೆ ಬಂದರೆ ನಿರ್ಮಲಮ್ಮ ಸಣ್ಣ ಕೋಣೆಯ ಬಾಗಿಲಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದಳು.

"ಮಿಷಿನ್ನು ಈ ಕಡಿಗಿಟ್ರೆ ಒಬ್ರು ಆರಾಮಾಗಿ ನಿಲ್ಬೋದು ನೋಡ್ರಿ" ಎಂದಳು.

ಮೇಷ್ಟ್ರ ಮೇಲಿನ ಸಿಟ್ಟು ಹೆಂಡತಿಯ ಮೇಲೆ ಹೊರಳಿತು. "ಇನ್ನೂ ಸಾವಿರ ಚಿತ್ರ ಆಗಿಲ್ಲ. ಸಾವಿರ ಆಗೋದ್ರೊಳಗೆ ಯಾರಾದ್ರೂ ಒಬ್ರು ತಮ್ಮ ಮನೆ ಗ್ವಾಡಿಗೆ ನನ್ನ ಚಿತ್ರ ಹಾಕ್ಕಂತಾರೆ, ನೋಡ್ತಿರು. ಹಾಕ್ಕಳ್ಳಿಲ್ಲಾಂದ್ರೆ ನಾನೇ ಇದನ್ನ ಗಂಟು ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಕೋಣೆ ನಿಂದು."

"ನಮ್ಮ ಮನೆ ಗ್ವಾಡೆ ಲೆಕ್ಕಕ್ಕಿಲ್ಲ."

"ಇಲ್ಲ."

"ಕಾಲೇಜಿನ ಲ್ಯಾಬೂ ಇಲ್ಲ."

"ಇಲ್ಲ ಬಿಡೆ ಮಾರಾಯ್ತಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನ ಚಿತ್ರ ಏಳುನೂರ ಎರಡನೆಯದು. ಉಳಿದದ್ದು ಮುನ್ನೂರಕ್ಕೂ ಕಡಿಮೆ. ಗೋಡೆ ಉಳ್ಳವರನ್ನೆಲ್ಲ ಅವನು ಬೇಟೆಗಾರನ ಹಾಗೆ ನೋಡತೊಡಗಿದ. ಅಳಿಯನಿಗೆ ಹುಟ್ಟುಹಬ್ಬಕ್ಕೆ ಒಂದು ಚಿತ್ರ ಕೊಟ್ಟ. ಅಳಿಯ ಅದನ್ನು ಮಡಿಸಿ ಬೀರುವಿನ ಅರೆಗೆ ಹಾಸಿಕೊಂಡ. ವಾಚ್‌ಮನ್‌ಗೆ ಕೊಟ್ಟದ್ದು ಅವನ ಮಗಳ ಪುಸ್ತಕಕ್ಕೆ ರಟ್ಟಾಯಿತು.

ಕೊನೆಗೆ ದೇವರು ಕಣ್ಣು ಬಿಟ್ಟ ಹಾಗೆ ಸುದ್ದಿ ಬಂತು. ಪರಮೇಶ್ವರಪ್ಪ ಹರಿಹರದಲ್ಲಿ ಕಟ್ಟಿಸುತ್ತಿದ್ದ ಮೂರಂತಸ್ತಿನ ಮನೆ ಮುಗಿಯುತ್ತ ಬಂದಿತ್ತು, ಗೃಹಪ್ರವೇಶದ ದಿನವೂ ಗೊತ್ತಾಯಿತು. ಹೊಸ ಮನೆ, ಅಷ್ಟಗಲದ ಬರಿಗೋಡೆಗಳು. ಕೊಟ್ಟೂರೇಶ್ ಲೆಕ್ಕ ಹಾಕಿದ. ಗೃಹಪ್ರವೇಶದ ದಿನಕ್ಕೆ ಒಂಬೈನೂರ ಎಂಬತ್ತೈದು ಚಿತ್ರ ಆಗಿರುತ್ತವೆ. ಸಾಕು.

ಆ ಮನೆಗೆಂದು ಅವನು ಮಾಡಿದ ಚಿತ್ರ ಮೂರಡಿಗೆ ಮೂರಡಿ. ಅಷ್ಟು ದೊಡ್ಡದಕ್ಕೆ ಯಂತ್ರ ಐದು ದಿನ ಹಗಲೂ ರಾತ್ರಿ ನಿಲ್ಲದೆ ಓಡಬೇಕಿತ್ತು. ಫ್ರಿಜ್ಜಿನ ಪ್ಲಗ್ಗು ಕಿತ್ತ, ಮಿಕ್ಸಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ದಿನದ ನೇಮ ತಪ್ಪಬಾರದೆಂದು ಆ ಐದು ದಿನದ ಸಣ್ಣ ಚಿತ್ರಗಳನ್ನು ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಮುಗಿಸಿದ. ನಿರ್ಮಲಮ್ಮ ಐದು ದಿನ ಅಂಗಳದ ಒರಳಿನಲ್ಲಿ ಚಟ್ನಿ ರುಬ್ಬಿದಳು. ರುಬ್ಬುವಾಗ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕಾರಣ ಹೇಳಿದಳು. ಅವಳ ಅಣ್ಣನ ಮನೆಯ ಕೆಲಸವಾದ್ದರಿಂದ ಬೀರುವಿನ ಬೀಗ ಒಡೆದು ಮಿಕ್ಸಿ ಹೊರಗೆ ತೆಗೆಯಲಿಲ್ಲ, ಅಷ್ಟೇ.

ಚಿತ್ರ ಚೆನ್ನಾಗಿ ಬಂತು. ಕೊಟ್ಟೂರೇಶ್ ತನ್ನ ಬಗ್ಗೆ ಏನೇ ನಕ್ಕುಕೊಳ್ಳಲಿ, ಇದು ಮಾತ್ರ ಚೆನ್ನಾಗಿ ಬಂತು. ಕಡುಗಪ್ಪಿನ ನಡುವೆ ಕೆಂಡದ ಬಣ್ಣದ ಎರಡು ಭಾರೀ ಸುರುಳಿಗಳು, ಅವುಗಳ ಸುತ್ತ ಬೂದಿಬಣ್ಣದ ಬಳ್ಳಿಗಳು, ಒಂದೊಂದು ಬಳ್ಳಿಯ ತುದಿಗೂ ಮತ್ತೆ ಅಂಥವೇ ಜೋಡಿ ಸುರುಳಿಗಳು. ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಲು ಜಾಫರನ ಅಂಗಡಿಗೆ ಒಯ್ದ. ಜಾಫರ್ ಮೂವತ್ತು ವರ್ಷದಿಂದ ದೇವರ ಪಟಗಳಿಗೂ ತೀರಿಕೊಂಡವರ ಫೋಟೋಗಳಿಗೂ ಕಟ್ಟು ಹಾಕಿದವನು. ಅವನು ಚಿತ್ರವನ್ನು ಮೇಜಿನ ಮೇಲೆ ಹರಡಿ ಒಂದೇ ಪ್ರಶ್ನೆ ಕೇಳಿದ.

"ಮ್ಯಾಲೆ ಯಾವ್ದು ಸಾರ್?"

ಕೊಟ್ಟೂರೇಶ್ ಚಿತ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದ. ಇನ್ನೊಂದು ಸುತ್ತು ತಿರುಗಿಸಿದ. ಒಂಬೈನೂರಕ್ಕೂ ಹೆಚ್ಚು ಚಿತ್ರ ಮಾಡಿದ ಮನುಷ್ಯನಿಗೆ ತನ್ನ ಚಿತ್ರದ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಿರಲಿಲ್ಲ.

"ಹೆಂಗ್ ಹಾಕಿದ್ರೂ ನಡೀತೈತೆ" ಎಂದ, ಸೋಲು ಒಪ್ಪದೆ.

"ಹಂಗಾದ್ರೆ ನಾಲ್ಕು ಕಡಿಗೂ ಕೊಕ್ಕೆ ಹಾಕ್ತೀನಿ ಬಿಡ್ರಿ" ಎಂದ ಜಾಫರ್. ಅವನೇನೂ ಕುಚೋದ್ಯ ಮಾಡಿದ್ದಲ್ಲ, ಗಿರಾಕಿಗೆ ಅನುಕೂಲ ಮಾಡಿದ್ದು.

ಗೃಹಪ್ರವೇಶಕ್ಕೆ ಎಲ್ಲರೂ ದೇವರ ಪಟ ತರುತ್ತಾರೆ, ಅವು ಬಂದು ಗೋಡೆ ಹಿಡಿಯುವ ಮೊದಲೇ ತನ್ನದು ಹೋಗಿ ಕೂರಬೇಕೆಂದು ಕೊಟ್ಟೂರೇಶ್ ವಾರ ಮುಂಚಿನ ಭಾನುವಾರವೇ ಹೊರಟ. ಚಿತ್ರಕ್ಕೆ ದುಪ್ಪಟಿ ಸುತ್ತಿ ಹರಿಹರದ ಬಸ್ಸು ಹತ್ತಿದ. ಕಂಡಕ್ಟರು "ಕನ್ನಡಿನಾ? ಒಡೆದ್ರೆ ನಾನು ಜವಾಬ್ದಾರಲ್ಲ" ಎಂದ. "ಕನ್ನಡಿ ಅಲ್ಲ, ಕಲೆ" ಎಂದ ಕೊಟ್ಟೂರೇಶ್. ಕಂಡಕ್ಟರು ಅದಕ್ಕೂ ಜವಾಬ್ದಾರನಲ್ಲವೆಂಬ ಮುಖ ಮಾಡಿ ಮುಂದೆ ಹೋದ.

ಹೊಸ ಮನೆಯ ಮುಂದೆ ಪರಮೇಶ್ವರಪ್ಪ ಕುರ್ಚಿ ಹಾಕಿಸಿಕೊಂಡು ಬಣ್ಣದವರ ಕೆಲಸ ನೋಡುತ್ತಿದ್ದರು. ದುಪ್ಪಟಿ ಬಿಚ್ಚಿದ ಮೇಲೆ ಅವರು ಚಿತ್ರವನ್ನು ನೋಡಿದರು. ಸುಮ್ಮನೆ ನೋಡಿದ್ದಲ್ಲ, ಬಹಳ ಹೊತ್ತು ನೋಡಿದರು. ಒಮ್ಮೆ ಮುಖ ತಿರುಗಿಸಿ ಮನೆ ನೋಡಲು ಹೋಗಿ, ಮತ್ತೆ ಚಿತ್ರದ ಕಡೆಗೇ ಹೊರಳಿದರು.

"ಏನ್ರಿ ಇದು, ಕಣ್ಣು ಹಿಡಕಂಡ್ ಬಿಡ್ತೈತಲ್ರಿ!"

ಕೊಟ್ಟೂರೇಶ್ ದುಪ್ಪಟಿಯ ಚುಂಗಿನಿಂದ ಚಿತ್ರದ ಕಟ್ಟನ್ನು ಒರೆಸಿದ. "ಭಾವ, ನಿಮ್ಮ ಮನೆಗಂತ್ಲೇ ಮಾಡಿದ್ದು."

"ಮುಂದಲ ಕಡಿಗೇ ಹಾಕಿಸ್ತೀನಿ. ಬಂದೋರಿಗೆಲ್ಲ ಮೊದಲು ಇದೇ ಕಾಣ್ಬೇಕು" ಎಂದರು ಪರಮೇಶ್ವರಪ್ಪ. ಅವರು ಆಡಿದ ಮಾತಿಗೆ ತಪ್ಪುವವರಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕೊಟ್ಟೂರೇಶ್ ಭೂಮಿಯ ಮೇಲಿರಲಿಲ್ಲ. ಮನೆಗೆ ಬಂದು, ಪಂದ್ಯ ಗೆದ್ದೆನೆಂದು ಸಾರಿದ. ಸೋತವಳ ಮೇಲೆ ಔದಾರ್ಯ ತೋರಿಸಿ, ಹೊಲಿಗೆ ಯಂತ್ರಕ್ಕೆ ಪಡಸಾಲೆಯ ಮೂಲೆಯಲ್ಲಿ ಒಂದು ಪರದೆ ಕಟ್ಟಿಕೊಡುವುದಾಗಿ ಹೇಳಿದ. ಮರುದಿನ ಗಣಿತದ ಮೇಷ್ಟ್ರ ಕಿವಿಗೆ ಬೀಳುವಂತೆ ವಾಚ್‌ಮನ್‌ಗೆ "ಹರಿಹರದಾಗೆ ಒಂದು ದೊಡ್ಡ ಮನೆಗೆ ನನ್ನ ಪೇಂಟಿಂಗು ಹೋಗೈತೆ" ಎಂದ. ಚಿತ್ರ ಎನ್ನಲಿಲ್ಲ, ಪೇಂಟಿಂಗು ಎಂದ. ನಿರ್ಮಲಮ್ಮ ಮಾತ್ರ, "ನಮ್ಮಣ್ಣ ಹೌದಂದ್ರೆ ಹೌದೇ ಇರ್ಬೋದು. ಕಣ್ಣಿಂದ ನೋಡಿ ಆಮೇಲೆ ಒಪ್ಪತೀನಿ" ಎಂದಳು.

ಗೃಹಪ್ರವೇಶದ ದಿನ ಗಂಡ ಹೆಂಡತಿ ಹೊಸಬಟ್ಟೆ ತೊಟ್ಟು ಆಟೋದಿಂದ ಇಳಿದರು. ಬೀದಿಯಲ್ಲಿ ಶಾಮಿಯಾನ, ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಕೊಟ್ಟೂರೇಶ್ ಯಾರನ್ನೂ ಮಾತಾಡಿಸದೆ ನೇರ ಪಡಸಾಲೆಗೆ ನುಗ್ಗಿದ. ನಾಲ್ಕು ಗೋಡೆ ನೋಡಿದ. ಗಡಿಯಾರವಿತ್ತು, ಪರಮೇಶ್ವರಪ್ಪನ ತಂದೆತಾಯಿಯ ಫೋಟೋ ಇತ್ತು, ಏಳು ಬಿಳಿ ಕುದುರೆಗಳು ಓಡುವ ಪಟವಿತ್ತು. ಕೋಣೆಗಳನ್ನು ನೋಡಿದ, ಮಹಡಿ ಹತ್ತಿ ಇಳಿದ. ಸ್ನಾನದ ಮನೆಯ ಬಾಗಿಲನ್ನೂ ನೂಕಿ ನೋಡಿದ. ಆಗ ಹೊರಗಿನಿಂದ ನಿರ್ಮಲಮ್ಮ ಕೂಗಿದಳು.

"ರೀ! ಇಲ್ಲಿ ಬರ್ರಿ. ಮ್ಯಾಲೆ ನೋಡ್ರಿ."

ಚಿತ್ರ ಹೊರಗಿತ್ತು. ಎರಡನೇ ಅಂತಸ್ತಿನ ಮುಂಭಾಗಕ್ಕೆ, ಇಡೀ ಬೀದಿಗೆ ಕಾಣುವ ಹಾಗೆ, ಕಟ್ಟುವ ತಂತಿಯಿಂದ ಬಿಗಿದು ನೇತುಹಾಕಿದ್ದರು. ಅದರ ಎಡಕ್ಕೆ ಒಂದು ಬೂದುಗುಂಬಳಕಾಯಿ. ಬಲಕ್ಕೆ, ಮೆಣಸಿನಕಾಯಿ ಲಿಂಬೆಹಣ್ಣಿನ ಸರದ ಜೊತೆ, ಒಂದು ಹಳೇ ಚಪ್ಪಲಿ.

ಗೋಡೆ ಎದ್ದ ದಿನದಿಂದ ಆ ಜಾಗದಲ್ಲಿ ನಾಲಿಗೆ ಚಾಚಿದ ರಾಕ್ಷಸನ ಮುಖವೊಂದು ತೂಗುತ್ತಿತ್ತು, ಹೊಸ ಮನೆಗೆ ಜನರ ಕೆಟ್ಟ ಕಣ್ಣು ತಾಗದಿರಲೆಂದು ಎಲ್ಲರೂ ಕಟ್ಟುವ ದೃಷ್ಟಿಬೊಂಬೆ. ಇಷ್ಟು ಚೆಂದದ ಮನೆಗೆ ಆ ರಾಕ್ಷಸ ಒಪ್ಪುವುದಿಲ್ಲ ಎಂದು ಪರಮೇಶ್ವರಪ್ಪನ ಹೆಂಡತಿ ಗೊಣಗುತ್ತಿದ್ದರಂತೆ. ಅಷ್ಟರಲ್ಲಿ ಕೊಟ್ಟೂರೇಶ್ ದುಪ್ಪಟಿ ಬಿಚ್ಚಿ ತೋರಿಸಿದ್ದ. ದೃಷ್ಟಿಗೆ ಕಟ್ಟುವುದರ ಗುಣವೇ ಅದು, ಬಂದವರ ಕಣ್ಣು ಮನೆಯ ಮೇಲೆ ಬೀಳುವ ಮೊದಲು ಅದರ ಮೇಲೆ ಬೀಳಬೇಕು. ಪರಮೇಶ್ವರಪ್ಪ ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಕೊಟ್ಟೂರೇಶನೇ. ಪೂಜೆಗೆ ಬಂದ ಅಯ್ನೋರು ಗೇಟಿನಲ್ಲೇ ನಿಂತು ಕತ್ತೆತ್ತಿ, "ದೃಷ್ಟಿ ಭಾಳ ಚಲೋ ಕಟ್ಟಿಸೀರಿ ಯಜಮಾನ್ರೇ. ಎಂಥವನ ಕಣ್ಣೂ ತಿರುಗಿ ಹೋಗ್ಬೇಕು!" ಎಂದರು. ಪರಮೇಶ್ವರಪ್ಪ ಹೆಮ್ಮೆಯಿಂದ ಕೊಟ್ಟೂರೇಶನ ಭುಜದ ಮೇಲೆ ಕೈಯಿಟ್ಟು, "ನಮ್ಮ ಮನೆಯೋರೇ ಮಾಡಿದ್ದು ಅಯ್ನೋರೆ. ಮೊದಲು ಹೂಕೋಸು ಬರೀತಿದ್ರು, ಈಗ ಇದನ್ನ ಮಾಡ್ತಾರೆ" ಎಂದರು.

ನಿರ್ಮಲಮ್ಮ ನಕ್ಕಳು. ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ಆಗದೆ ಜಗಲಿಯ ಮೇಲೆ ಕೂತು ನಕ್ಕಳು. "ಗ್ವಾಡೆ ಮ್ಯಾಲೆ ಐತಲ್ಲೇ" ಎಂದು ಕೊಟ್ಟೂರೇಶ್ ಸಣ್ಣ ದನಿಯಲ್ಲಿ ವಾದ ಹೂಡಿದ. ಹೂಡಿದವನಿಗೇ ಅದು ನಿಲ್ಲುವ ವಾದವಲ್ಲವೆಂದು ತಿಳಿಯಿತು. "ಆತು. ಸೋತೆ. ಚಪ್ಲಿ ಪಕ್ಕ ಹಾಕ್ಯಾರೆ ಅಂದ್ಮೇಲೆ ಇನ್ನೇನೈತೆ ಮಾತು" ಎಂದು ತಾನೂ ನಕ್ಕ. ನಗುವಾಗ ಎದೆಯಲ್ಲಿ ಮುಳ್ಳಾಡಿದ ಹಾಗಾಯಿತು. ಅವನು ತುಂಬಾ ಆಸೆಪಟ್ಟಿದ್ದ, ಅದು ಅವನಿಗೆ ಆಗಲೇ ಪೂರ್ತಿ ಗೊತ್ತಾದದ್ದು.

ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಬಿಳಿ ಗಡ್ಡದ ಒಬ್ಬರು ಬಂದು ಸಲಾಂ ಮಾಡಿದರು. ಆ ಮನೆ ಕಟ್ಟಿದ ಮೇಸ್ತ್ರಿ ಚಾಂದ್ ಪಾಷಾ.

"ಸಾರ್, ಮೇಲೆ ಕಟ್ಟಿದ್ದು ನೀವ್ ಮಾಡಿದ್ದಂತೆ?"

"ಹೌದು. ದೃಷ್ಟಿಬೊಂಬೆ" ಎಂದ ಕೊಟ್ಟೂರೇಶ್. ತನ್ನನ್ನು ತಾನೇ ಮೊದಲು ಹೊಡೆದುಕೊಂಡರೆ ನೋವು ಕಡಿಮೆ.

"ಬೊಂಬೆ ಅಲ್ಲ ಬಿಡ್ರಿ. ಕಟ್ಟಿದವ್ನು ನಾನೇ. ಸಾರವೆ ಮೇಲೆ ನಿಂತ್ಕಂಡು, ಮುಖದ ಮುಂದೆ ಇಟ್ಕಂಡು ನೋಡ್ದೆ. ಕೆಂಪು ಸುರುಳಿ ಒಳಗೆ ಇನ್ನೊಂದು, ಅದ್ರೊಳಗೆ ಮತ್ತೊಂದು. ಎಲ್ಲಿಗೆ ನಿಲ್ತೈತೆ ನೋಡಾಣ ಅಂತ ಕನ್ನಡಕ ತರ್ಸ್ಕಂಡೆ. ನಿಲ್ಲಂಗೇ ಇಲ್ಲ. ಕೆಳಗಿಂದ ಯಜಮಾನ್ರು ಬೈತಿದ್ರು, ಕೆಲ್ಸ ಬಿಟ್ ಏನ್ ನೋಡ್ತಿಯೋ ಅಂತ." ಮೇಸ್ತ್ರಿ ಸ್ವಲ್ಪ ಸಂಕೋಚದಿಂದ ಮುಂದುವರಿಸಿದರು. "ನಾಲ್ಕು ಕಡಿಗೂ ಕೊಕ್ಕೆ ಇತ್ತಲ್ಲ ಸಾರ್, ಮ್ಯಾಲೆ ಯಾವ್ದು ಅಂತ ಗೊತ್ತಾಗ್ಲಿಲ್ಲ. ಮೂರು ಸಲ ತಿರುಗ್ಸಿ ನೋಡಿ, ಇದೇ ಸರಿ ಅನ್ನಿಸ್ತು. ತಪ್ಪಾಗಿದ್ರೆ ಹೇಳ್ರಿ, ಬದಲಾಯಿಸ್ತೀನಿ."

ಕೊಟ್ಟೂರೇಶ್ ಬೀದಿಗೆ ಹೋಗಿ ನಿಂತು ನೋಡಿದ. ಸುರುಳಿಗಳು ಮೇಲಿನಿಂದ ಇಳಿದು, ಬಳ್ಳಿಗಳೆಲ್ಲ ಬೇರಿನ ಹಾಗೆ ಕೆಳಗೆ ಹರಡಿದ್ದವು. ಅವನು ಎಂದೂ ಹಾಗೆ ಇಟ್ಟು ನೋಡಿರಲಿಲ್ಲ. ಹಾಗೆಯೇ ಇರಬೇಕಾದ ಚಿತ್ರ ಅದು.

"ಸರಿಯಾಗೈತೆ ಮೇಸ್ತ್ರಿ" ಎಂದ.

"ಬಿಸಿಲಿಗೆ ಬಣ್ಣ ಹೋಗ್ತೈತಲ್ಲ ಅಂತ ಹೊಟ್ಟೆ ಉರೀತೈತೆ ಸಾರ್" ಎಂದರು ಚಾಂದ್ ಪಾಷಾ. ಇನ್ನೆರಡು ಮನೆಯವರು ಅಂಥದ್ದೇ ಬೇಕೆಂದು ಕೇಳುತ್ತಿದ್ದಾರೆಂದೂ, ನಂದಿಗುಡಿಯ ಒಬ್ಬರು ಗದ್ದೆಗೆ ಬೇಕಂತಿದ್ದಾರೆಂದೂ ಹೇಳಿದರು. ಭತ್ತದ ಪೈರಿಗೂ ದೃಷ್ಟಿಯಾಗುತ್ತದೆ. ಕೊಟ್ಟೂರೇಶ್ ಎಲ್ಲದಕ್ಕೂ ಹೂಂ ಎಂದ. ನಿರ್ಮಲಮ್ಮ ತಾಂಬೂಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ದಾವಣಗೆರೆಗೆ ಬರುವ ದಾರಿಯುದ್ದಕ್ಕೂ ಅವಳು ಮತ್ತೆ ನಗಲಿಲ್ಲ.

ಆಮೇಲಿನ ಎರಡು ವಾರ ಕೊಟ್ಟೂರೇಶ್ ಕೊಟ್ಟ ಮಾತು ಉಳಿಸಿಕೊಳ್ಳುವ ತಯಾರಿ ನಡೆಸಿದ. ಅಟ್ಟದಲ್ಲಿ ಜಾಗ ಮಾಡಿದ. ಅಂಕಿ ಬರೆದ ಪುಸ್ತಕಗಳನ್ನು ಹಳೇ ಪಂಚೆಯಲ್ಲಿ ಕಟ್ಟಿದ. ಒಂಬೈನೂರ ತೊಂಬತ್ತೊಂಬತ್ತನೆಯ ಚಿತ್ರ ಯಾವ ಕೊರತೆಯೂ ಇಲ್ಲದೆ ಸಾಧಾರಣವಾಗಿ ಬಂತು. ನಾಳೆ ಇನ್ನೊಂದು, ಅಲ್ಲಿಗೆ ಮುಗಿಯಿತು. ಜಗತ್ತಿಗೆ ಏನೂ ನಷ್ಟವಿಲ್ಲ ಎಂದು ತನಗೇ ಹೇಳಿಕೊಂಡ.

ಸಾವಿರನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಸಣ್ಣ ಕೋಣೆಯ ಕಡೆ ಬಂದವನು ಬಾಗಿಲ ಮುಂದೆ ನಿಂತುಬಿಟ್ಟ. ಬಾಗಿಲಿಗೆ ಒಂದು ಚಿತ್ರ ತೂಗುತ್ತಿತ್ತು. ಕಟ್ಟು ಹಾಕಿಸಿದ, ಒಂದಡಿ ಅಗಲದ ಚಿತ್ರ. ಕೆಳಗೆ ದಾರದಲ್ಲಿ ಒಂದು ಲಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ. ಗುರುತು ಹಿಡಿಯಲು ಅವನಿಗೆ ತುಸು ಹೊತ್ತೇ ಬೇಕಾಯಿತು. ಹಿಂದೆ ಎಂದೋ ಜ್ವರದಲ್ಲಿ ಕೂತು ಮಾಡಿದ ಚಿತ್ರ ಅದು. ಕಲಸಿದ ಮಂಡಕ್ಕಿ ಎಂದು ಅವನೇ ಬೈದು ಮರೆತದ್ದು.

"ಏನೇ ಇದು?"

ನಿರ್ಮಲಮ್ಮ ಸೌಟು ಹಿಡಿದೇ ಬಂದಳು. "ನಾನೂರ ಹನ್ನೆರಡನೇದು. ನಿಮ್ಗೆ ಚಳಿಜ್ವರ ಬಂದಿತ್ತಲ್ಲ, ಮಲಕ್ಕಳ್ರಿ ಅಂದ್ರೂ ಕಂಬಳಿ ಹೊದ್ಕಂಡು ಕೂತಿದ್ರಿ, ಅವತ್ತಿಂದು. ಮಗಳಿಗೆ ಹೇಳಿ ಪ್ರಿಂಟ್ ತರಿಸ್ದೆ. ಜಾಫರ್ ತಾನೇ ನಾಲ್ಕು ಕೊಕ್ಕೆ ಹಾಕಿಕೊಟ್ಟ."

"ನಂಬರ್ ಹೆಂಗ್ ಗೊತ್ತು ನಿಂಗೆ?"

"ದಿನಾ ಐದೇ ಜನ ನೋಡ್ತಾರೆ ಅಂತಿದ್ರಲ್ಲ" ಎಂದಳು ಅವಳು. "ಆರನೇವಳ್ನ ಯಾಕ ಬಿಡ್ತಿದ್ರಿ?"

ಕೊಟ್ಟೂರೇಶ್ ಬಾಗಿಲು ನೋಡಿದ, ನೆಲ ನೋಡಿದ. "ನಮ್ಮ ಮನೆ ಗ್ವಾಡೆ ಲೆಕ್ಕಕ್ಕಿಲ್ಲ ಅಂದಿದ್ಯಲ್ಲ."

"ಇದು ಗ್ವಾಡೆ ಅಲ್ಲ, ಬಾಗ್ಲು. ನಾನೇನು ಚೆಂದಕ್ಕೆ ಹಾಕಿದ್ದಲ್ಲ. ಸಾವಿರ ದಿನ ಒಂದಿನ ಬಿಡದಂಗೆ ಒಬ್ರು ಕೂತು ಮಾಡ್ಯಾರೆ ಅಂದ್ರೆ ಜನದ ಕಣ್ಣು ಬೀಳ್ತೈತೆ. ದೃಷ್ಟಿ ತಾಗ್ಬಾರ್ದು ಅಂತ ಹಾಕೀನಿ." ಅವಳು ಹೋಗುತ್ತ ಹೋಗುತ್ತ ತಿರುಗಿದಳು. "ನಾನೂ ಮೂರು ಸಲ ತಿರುಗ್ಸಿ ನೋಡೇ ಹಾಕಿದ್ದು. ತಪ್ಪಾಗಿದ್ರೆ ಹೇಳ್ರಿ. ಮತ್ತೆ ಆ ಪರದೆ ಮಾತ್ರ ಇವತ್ತೇ ಕಟ್ಟಿಕೊಡ್ರಿ, ಮಿಷಿನ್ನು ಪಡಸಾಲೆ ಮೂಲೆಗೆ ಇಟ್ಕಂತೀನಿ."

ಅವನು ಒಳಗೆ ಹೋಗಿ ಕೂತ. ಗುಂಡಿ ಒತ್ತಿದ. ಕಣ್ಣು ಮಂಜಾಗಿ ಪರದೆಯ ಅಂಕಿಗಳು ಕಾಣದೆ ಒಂದೆರಡು ಸಲ ತಪ್ಪು ಒತ್ತಿದ. ಆಮೇಲೆ ಕಪ್ಪು ಗುಡ್ಡದ ಅಂಚಿಗೆ ಹೋಗಿ, ಅಲೆದು, ಸಾಕಷ್ಟು ಒಳ್ಳೆಯದೊಂದು ಜಾಗ ಹಿಡಿದು, ಸಾವಿರನೆಯ ಚಿತ್ರಕ್ಕೆ ಚಾಲನೆ ಕೊಟ್ಟ. ಹತ್ತು ಭಾಗ ಆಯಿತು, ಮೂವತ್ತಾಯಿತು. ಅರವತ್ತು ದಾಟಿದಾಗ ಅಡುಗೆಮನೆಯಿಂದ ದನಿ ಬಂತು.

"ಮಿಕ್ಸಿ ಹಾಕ್ಲೇನ್ರಿ? ಇಲ್ಲ ತಡೀಲಾ?"

ಎರಡೂ ಮುಕ್ಕಾಲು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಕೊಟ್ಟೂರೇಶ್ ಪರದೆಯನ್ನು ನೋಡಿದ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು.

"ಹಾಕೇ, ಹಾಕು" ಎಂದು ಕೂಗಿ ಹೇಳಿದ.

ಮಿಕ್ಸಿ ಗುರ್ರೆಂದಿತು, ದೀಪ ಕಣ್ಣು ಮಿಟುಕಿಸಿತು, ಪರದೆ ಕಪ್ಪಾಯಿತು. ಅವನು ಎದ್ದು ಚಟ್ನಿ ದೋಸೆ ತಿನ್ನಲು ಹೋದ.